ಎಡ ಸೀಟಿನ ಕೆಳಗಿನ ನೀರು

ನಮ್ಮ ಕಾರಿನೊಳಗೆ ಮಳೆನೀರು ಬರುತ್ತಿದ್ದದ್ದು ಒಂದೇ ಒಂದು ಜಾಗಕ್ಕೆ. ಹಿಂದಿನ ಸೀಟಿಗೆ ಬರಬಹುದಿತ್ತು, ಅಲ್ಲಿ ಕೂರುವವರು ಯಾರೂ ಇರಲಿಲ್ಲ. ಡಿಕ್ಕಿಗೆ ಬರಬಹುದಿತ್ತು, ಅಲ್ಲಿದ್ದದ್ದು ಒಂದು ಸ್ಟೆಪ್ನಿ, ಅದಕ್ಕೆ ಬಾಯಿಲ್ಲ. ನನ್ನ ಕಾಲಬುಡಕ್ಕೇ ಬಂದಿದ್ದರೂ ತೆಪ್ಪಗೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಅದು ಹುಡುಕಿಕೊಂಡು ಬಂದದ್ದು ಮುಂದಿನ ಎಡ ಸೀಟಿನ ಕೆಳಕ್ಕೆ, ಅಂದರೆ ನನ್ನ ಹೆಂಡತಿ ಖೋರ್ಶೇದಳ ಪಾದಕ್ಕೆ. ಇದು ನಾನೇ ಮಾಡಿಸಿದ ಏರ್ಪಾಡು ಎಂದು ಅವಳ ವಾದ.

ಕಾರಿನ ಹೆಸರು ಶಿರೀನ್. ಇಪ್ಪತ್ತೆರಡು ವರ್ಷದಿಂದ ನಮ್ಮ ಬಾಗ್‌ನ, ಅಂದರೆ ಪಾರ್ಸಿ ವಠಾರದ, ಅಂಗಳದಲ್ಲಿ, ನೆಲಮಹಡಿಯ ನಮ್ಮ ಕಿಟಕಿಯ ಕೆಳಗೇ ಅವಳ ವಾಸ. ಮುಂಬಯಿಯ ಪಾರ್ಸಿ ಗಂಡಸು ಬೆಳಿಗ್ಗೆ ಎದ್ದು ಮೊದಲು ಮಾಡುವುದು ಪ್ರಾರ್ಥನೆ, ಎರಡನೆಯದು ಕಾರು ಒರೆಸುವುದು. ನನ್ನ ವಿಷಯದಲ್ಲಿ ಈ ಕ್ರಮ ಕೆಲವೊಮ್ಮೆ ಹಿಂದುಮುಂದಾಗಿದ್ದುಂಟು. ಒರೆಸಲು ಹೊಸ ಬನಿಯನ್ನೇ ಬೇಕು. (ಹಳೆಯದರಿಂದ ಒರೆಸಿದರೆ ಗೀರು ಬೀಳುತ್ತದೆ. ಹಳೆಯದನ್ನು ನಾನು ಹಾಕಿಕೊಳ್ಳುತ್ತಿದ್ದೆ.) ಖೋರ್ಶೇದಳಿಗೆ ನೆಗಡಿಯಾದಾಗ ನಾನು ಒಂದು ದಿನವೂ ಕಂಬಳಿ ಹೊದಿಸಲಿಲ್ಲವಂತೆ, ಶಿರೀನಳಿಗೆ ಮಾತ್ರ ಮೂರು ಹೊದಿಕೆಗಳಿವೆಯಂತೆ. ಇದು ಸುಳ್ಳು. ಹೊದಿಕೆಗಳು ಎರಡೇ ಇದ್ದವು.

ಆ ವರ್ಷ ಜೂನ್ ತಿಂಗಳ ಮೊದಲ ಮಳೆಗೇ ಖೋರ್ಶೇದಳ ಚಪ್ಪಲಿ ಒದ್ದೆಯಾಯಿತು. ನಾನು ಆತಂಕದ ಮುಖ ಮಾಡಿಕೊಂಡೆನಾದರೂ ನಿಜ ಹೇಳಬೇಕೆಂದರೆ ಒಳಗೊಳಗೆ ಖುಷಿಯೇ ಆಯಿತು. ನಿವೃತ್ತನಾಗಿ ಎಂಟು ತಿಂಗಳಾಗಿತ್ತು. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ದುಡಿದವನಿಗೆ ಮನೆಯಲ್ಲಿ ಕೊಟ್ಟ ಅತಿ ದೊಡ್ಡ ಜವಾಬ್ದಾರಿ ಎಂದರೆ ಬೇಕರಿಯಿಂದ ಬ್ರುನ್ ಪಾವ್ ತರುವುದು. ಈಗ ಒಂದು ಘನವಾದ ಶೋಧನಾ ಕಾರ್ಯ ತಾನಾಗಿ ಬಂದು ಅಂಗಳದಲ್ಲಿ ನಿಂತಿತ್ತು.

ಮೊದಲ ವಾರ ನೆಲಕ್ಕೆ ಹಳೆಯ ಪತ್ರಿಕೆ ಹಾಸಿದೆ. ಯಾವ ಹಾಳೆ ಮೊದಲು ನೆನೆಯುತ್ತದೋ ಅದರ ನೇರಕ್ಕೆ ತೂತು ಇರಬೇಕೆಂಬುದು ನನ್ನ ಸಿದ್ಧಾಂತ. ಎಲ್ಲ ಹಾಳೆಗಳೂ ಒಟ್ಟಿಗೇ ನೆನೆದವು. ಆಮೇಲೆ ಬಾಗಿಲಿನ ರಬ್ಬರಿಗೆ ಪೌಡರು ಬಳಿದೆ, ನೀರು ಹರಿದ ಕಡೆ ಗೆರೆ ಬೀಳಲಿ ಎಂದು. ಗೆರೆ ಬೀಳಲಿಲ್ಲ. ಅದು ಖೋರ್ಶೇದಳ ಮುಖದ ಪೌಡರಾಗಿದ್ದರಿಂದ ನನ್ನ ಮೇಲೆ ಕೆಲವು ಮಾತು ಬಿದ್ದವು, ಅಷ್ಟೆ. ಬಾಗಿಲಿನ ಸಂದಿಗೆ ಕ್ಯಾಲೆಂಡರಿನ ಹಾಳೆ ಸಿಕ್ಕಿಸಿ ಮುಚ್ಚಿ, ಎಳೆದು ನೋಡಿದೆ. ಸುಲಭವಾಗಿ ಬಂದರೆ ರಬ್ಬರು ಸಡಿಲ, ಬರದಿದ್ದರೆ ಬಿಗಿ. ಹಾಳೆ ಹರಿಯಿತು. ಅದು ಜುಲೈ ತಿಂಗಳ ಹಾಳೆ, ಹಾಗಾಗಿ ಯಾರ್‍ಯಾರ ಹುಟ್ಟುಹಬ್ಬ ಯಾವತ್ತು ಎಂದು ಗುರುತು ಹಾಕಿಟ್ಟಿದ್ದೆಲ್ಲ ಹೋಯಿತು ಎಂದು ಅವಳು ಎರಡು ದಿನ ಮಾತು ಬಿಟ್ಟಳು.

ಎರಡನೆಯ ವಾರದ್ದು ಮಹಾಪ್ರಯೋಗ. ಖೋರ್ಶೇದ್ ಟಾರ್ಚು ಹಿಡಿದು ಒಳಗೆ ಕೂರುವುದು, ನಾನು ಹೊರಗಿನಿಂದ ಪೈಪಿನಲ್ಲಿ ನೀರು ಬಿಡುವುದು, ನೀರು ಕಂಡ ಕೂಡಲೇ ಅವಳು ಗಾಜು ತಟ್ಟುವುದು. ಎಂಜಿನ್ನಿಗೆ ತೊಂದರೆಯಾಗದಿರಲೆಂದು ಬಾನೆಟ್ಟಿನಿಂದ ವೈಪರಿನವರೆಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ್ದೆ. ಕೆಳಗಿನಿಂದ ಮೇಲಕ್ಕೆ, ಅಂಗುಲ ಅಂಗುಲವಾಗಿ, ಶಾಸ್ತ್ರೋಕ್ತವಾಗಿ ನೀರು ಬಿಡುತ್ತ ಬಂದೆ. ಐದು ನಿಮಿಷಕ್ಕೆಲ್ಲ ಅವಳು ಗಾಜು ತಟ್ಟತೊಡಗಿದಳು. ಎಲ್ಲಿ ನಿಂತರೂ ತಟ್ಟುತ್ತಿದ್ದಳು. ಹಿಂದಿನ ಚಕ್ರಕ್ಕೆ ನೀರು ಬಿಟ್ಟಾಗಲೂ ತಟ್ಟಿದಳು. ಇಡೀ ಗಾಡಿಯೇ ಸೋರುತ್ತಿದೆಯೆ ಎಂದು ನನಗೆ ಗಾಬರಿಯಾಯಿತು.

ಆಗ ಮೊದಲ ಮಹಡಿಯ ಕಿಟಕಿಯಿಂದ ಆಲಾಮಾಯ್ ಇಣುಕಿದಳು. ಎಂಬತ್ತು ದಾಟಿದ ಮುದುಕಿ, ಅವಳಿಗೆ ನಾವೆಲ್ಲ ಡೀಕ್ರಾ, ಅಂದರೆ ಮಗ. ಬಾಗ್‌ನಲ್ಲಿ ಅವಳ ಕಣ್ಣಿಗೆ ಬೀಳದೆ ಬೆಕ್ಕೂ ಓಡಾಡುವಂತಿಲ್ಲ.

"ಆಸ್ಪಿ ಡೀಕ್ರಾ, ಒಳಗಡೆ ನಿನ್ನ ಹೆಂಡ್ತಿ ಇದಾಳೆ ಕಣೋ," ಎಂದಳು.

"ಗೊತ್ತು ಆಲಾಮಾಯ್. ಅದಕ್ಕೇ ನೀರು ಬಿಡ್ತಾ ಇದೀನಿ," ಎಂದೆ.

ಎಡಬದಿಯ ಬಾಗಿಲಿನ ಒಳಹಿಡಿ ಮುರಿದು ಎರಡು ವರ್ಷವಾಗಿತ್ತು, ಹೊರಗಿನಿಂದ ತೆರೆದರೆ ಮಾತ್ರ ತೆರೆಯುತ್ತಿತ್ತು. ಜೂನ್ ತಿಂಗಳ ಸೆಕೆಯಲ್ಲಿ, ಗಾಜು ಏರಿಸಿದ ಕಾರಿನೊಳಗೆ, ಖೋರ್ಶೇದ್ ಅರ್ಧ ಗಂಟೆ ತಟ್ಟಿದ್ದು ಹೊರಗೆ ಬಿಡು ಎಂದು. ನೀರೇನಾದರೂ ಬಂತೆ ಎಂದು ಬಾಗಿಲು ತೆರೆದ ತಕ್ಷಣ ಕೇಳಿದ್ದು ನನ್ನ ತಪ್ಪು. ಬಂತು ಎಂದಳು. ಎಲ್ಲಿಂದ ಎಂದೆ. ನನ್ನ ಮೈಯಿಂದ ಎಂದಳು.

ಮೂರನೆಯ ವಾರ ನಾನು ವಿವರಗಳಿಗೆ ಹೋಗಲಿಲ್ಲ. ಅಂಗಡಿಯಿಂದ ಕಪ್ಪು ಅಂಟಿನ ಆರು ಕೊಳವೆ ತಂದು, ಎಡಗಡೆ ಎಲ್ಲೆಲ್ಲಿ ಸಂದಿ ಕಂಡಿತೋ ಅಲ್ಲಲ್ಲಿ ಮೆತ್ತಿದೆ. ಮಾರನೆಯ ದಿನ ನಮ್ಮ ಬಂಧುಗಳ ಮನೆಯ ಮದುವೆ. ಖೋರ್ಶೇದ್ ತನ್ನ ತಾಯಿ ಕೊಟ್ಟ ಗಾರಾ ಸೀರೆ ಉಟ್ಟಿದ್ದಳು. ನೇರಳೆ ರೇಷ್ಮೆ, ಅಂಚಿನ ತುಂಬ ಬಿಳಿ ಕಸೂತಿಯ ಕೊಕ್ಕರೆಗಳು, ವರ್ಷಕ್ಕೊಮ್ಮೆ ಮಾತ್ರ ಪೆಟ್ಟಿಗೆಯಿಂದ ಹೊರಬರುವಂಥದ್ದು. ದಾರಿಯಲ್ಲಿ ಮಳೆ ಹೊಡೆಯಿತು. ಮಂಟಪದ ಮುಂದೆ ಇಳಿಯುವಾಗ ನೋಡಿದರೆ ಕೊಕ್ಕರೆಗಳೆಲ್ಲ ಕಾಲುಮಟ್ಟ ನೀರಿನಲ್ಲಿ ನಿಂತಿದ್ದವು. ಕೊಕ್ಕರೆಗಳಿಗೆ ಅದು ಒಗ್ಗಿದ್ದೇ ಅಲ್ಲವೆ ಎಂದೆ. ಅವಳು ನಗಲಿಲ್ಲ. ನೆರಿಗೆಯ ಅಂಚನ್ನೆತ್ತಿ ನೋಡಿದಳು. ಒಂದು ಕೊಕ್ಕರೆಯ ರೆಕ್ಕೆಗೆ ನನ್ನ ಕಪ್ಪು ಅಂಟು ಹತ್ತಿಕೊಂಡಿತ್ತು.

ಆ ಮದುವೆಯಲ್ಲಿ ಬಾಳೆಯೆಲೆಯಲ್ಲಿ ಬೇಯಿಸಿದ ಪಾತ್ರಾ ಮೀನು ಹೇಗಿತ್ತು ಎಂದು ನನ್ನನ್ನು ಕೇಳಬೇಡಿ.

ಮನೆಗೆ ಬಂದು ಖೋರ್ಶೇದ್ ಕೂಗಾಡಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ಸೀರೆಯನ್ನು ಹಾಸಿಗೆಯ ಮೇಲೆ ಹರಡಿ, ಪಕ್ಕದಲ್ಲಿ ಕೂತು, ಒಂದು ಹಾಳೆ ಮತ್ತು ಪೆನ್ನು ನನ್ನ ಕೈಗೆ ಕೊಟ್ಟಳು. "ಬರಿ. ಕಾರು ಮಾರಾಟಕ್ಕಿದೆ ಅಂತ ಬರಿ. ನಾಳೆ ನಾನೇ ಪತ್ರಿಕೆಗೆ ಕೊಟ್ಟು ಬರ್ತೀನಿ."

ಪತ್ರಿಕೆ ಎಂದರೆ ಭಾನುವಾರ ಬರುವ ನಮ್ಮ ಸಮಾಜದ ವಾರಪತ್ರಿಕೆ. ಅದರಲ್ಲಿ ಹೆಸರು ಹಾಕಿ ಕೊಡುತ್ತೇನೆ ಎಂದು ಅಚ್ಚಾಯಿತೆಂದರೆ ಮುಗಿಯಿತು. ನಮ್ಮ ಗುಡಿಯಾದ ಅಗಿಯಾರಿಯಲ್ಲಿ ಬೆಂಕಿಯ ಮುಂದೆ ನಿಂತು ಮಾತು ಕೊಟ್ಟ ಹಾಗೆ. ಆಮೇಲೆ ಮನಸ್ಸು ಬದಲಾಯಿತು ಎಂದವರನ್ನು ಬಾಗ್‌ನಲ್ಲಿ ಯಾರೂ ಚಹಾಕ್ಕೆ ಕರೆಯುವುದಿಲ್ಲ. ಸೋರುವುದು ನಿಂತರೆ ಜಾಹೀರಾತು ವಾಪಸು ತಗೊಳ್ಳೋಣವೆ ಎಂದು ಮೆಲ್ಲಗೆ ಕೇಳಿದೆ. ಕಾರು ಒಣಗಲಿ ಮುಳುಗಲಿ, ಅಚ್ಚಾದ ಮೇಲೆ ಬಂದವರಿಗೆ ಕೊಡುವುದೇ ಎಂದಳು.

ನನ್ನ ಎದೆ ಒಡೆದು ಹೋಯಿತು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ನಾನು ಮುಟ್ಟಿ ಮಾತಾಡಿಸಿದ ಜೀವ ಅದು. (ಆಡಿದ ಮಾತು ಏನೆಂದು ಇಲ್ಲಿ ಬರೆಯುವುದಿಲ್ಲ, ಖೋರ್ಶೇದ್ ಓದುತ್ತಾಳೆ.) ಆದರೆ ಪೆನ್ನು ಕೈಗೆ ಬಂದೊಡನೆ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ಸುಳ್ಳು ಹೇಳಬಾರದು, ಸರಿ. ನಿಜ ಹೇಳಬಾರದೆಂದು ಯಾರು ಹೇಳಿದ್ದಾರೆ? ಹೀಗೆ ಬರೆದೆ: "ಕಾರು ಮಾರಾಟಕ್ಕಿದೆ. ಒಬ್ಬನೇ ಮಾಲೀಕ. ಮಳೆ ಬಂದರೆ ಮುಂದಿನ ಎಡಭಾಗದಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುತ್ತದೆ. ಮೂರು ವಾರ ಹುಡುಕಿದರೂ ಕಾರಣ ಸಿಕ್ಕಿಲ್ಲ. ಇನ್ನು ಸಿಗುವ ಭರವಸೆಯೂ ಇಲ್ಲ. ಆಸ್ಪಿ ಘಡಿಯಾಲಿ." ಮಳೆಗಾಲದ ಮುಂಬಯಿಯಲ್ಲಿ ಇದನ್ನು ಓದಿ ಯಾವ ಹುಚ್ಚ ಬರುತ್ತಾನೆ?

ಭಾನುವಾರ ಬೆಳಿಗ್ಗೆ ಆರೂವರೆಗೆ ಮೊದಲ ಫೋನು ಬಂತು. ಏಳು ಗಂಟೆಯ ಹೊತ್ತಿಗೆ ನಾಲ್ಕಾಗಿತ್ತು. ನಾನು ನಮ್ಮ ಜನರನ್ನು ಅರವತ್ತು ವರ್ಷ ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ. ಇಷ್ಟು ದೊಡ್ಡ ಕುಂದನ್ನು ತಾನಾಗಿ ಒಪ್ಪಿಕೊಂಡಿದ್ದಾನೆಂದರೆ ಉಳಿದದ್ದೆಲ್ಲ ಅಪ್ಪಟ ಚಿನ್ನವೇ ಇರಬೇಕು ಎಂದು ಅವರ ಲೆಕ್ಕ. ಮೇಲಾಗಿ, ಮೂರು ವಾರ ಸಿಗದ ಸೋರಿಕೆ ಎಂದರೆ ಯಾವ ನಿವೃತ್ತ ಪಾರ್ಸಿ ತಾನೇ ಮನೆಯಲ್ಲಿ ಕೂತಾನು? ಸೋಮವಾರ ಒಬ್ಬರು ಕನ್ನಡಿ ಹಿಡಿದು ಬಂದರು, ಮಂಗಳವಾರ ಇನ್ನೊಬ್ಬರು ವೈದ್ಯರ ಸ್ಟೆತಸ್ಕೋಪ್ ತಂದು ಬಾಗಿಲಿಗೆ ಇಟ್ಟು ಕೇಳಿದರು. ಇಬ್ಬರೂ ಕಾರನ್ನು ಹೊಗಳಿ ಹೊಗಳಿ ಸುಸ್ತಾದರು. ಆದರೆ ಹೊರಡುವ ಹೊತ್ತಿಗೆ ಇಬ್ಬರೂ ಎಡಗಡೆಯ ನೀರನ್ನು ನೋಡಿ, ತಂತಮ್ಮ ಹೆಂಡತಿಯರನ್ನು ನೆನೆದು, ನಿಟ್ಟುಸಿರು ಬಿಟ್ಟು ಹೋದರು.

ಆಗ ನನಗೆ ಅರಿವಾಯಿತು. ಶಿರೀನ್ ನನ್ನ ಬಳಿ ಉಳಿಯುವುದಾದರೆ ಅದು ಆ ನೀರಿನಿಂದಲೇ. ಮೂರು ವಾರ ನಾನು ಶತ್ರುವೆಂದು ಬೆನ್ನುಹತ್ತಿದ್ದು ನನ್ನ ಏಕೈಕ ಕಾವಲುಗಾರನನ್ನು.

ಅಂಥ ಹೊತ್ತಿನಲ್ಲಿ, ಗುರುವಾರ ಮಧ್ಯಾಹ್ನ, ಆ ದರಿದ್ರ ಸೋರಿಕೆ ನನಗೆ ಸಿಕ್ಕಿಬಿಟ್ಟಿತು.

ಹುಡುಕುತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮಳೆ ಸುರಿಯುತ್ತಿತ್ತು, ಖೋರ್ಶೇದ್ ಮಲಗಿದ್ದಳು, ನಾನು ಶಿರೀನಳೊಳಗೆ ಸುಮ್ಮನೆ ಕೂರೋಣವೆಂದು ಫ್ಲಾಸ್ಕಿನಲ್ಲಿ ಪುದೀನಾ ಚಹಾ ಹಿಡಿದು ಹೋಗಿದ್ದೆ. ಫ್ಲಾಸ್ಕಿನ ಮುಚ್ಚಳ ಕೈಜಾರಿ ಎಡಗಡೆಯ ನೀರಿಗೆ ಬಿತ್ತು. ತೆಗೆಯಲು ಬಗ್ಗಿದವನು ತಲೆ ಕೆಳಗೆ, ಕಾಲು ಸೀಟಿನ ಮೇಲೆ ಆಗಿ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಸಿಕ್ಕಿಕೊಂಡೆ. ಮುಖದ ಮೇಲೆ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಕತ್ತು ತಿರುಗಿಸಿ ನೋಡಿದರೆ ಒಂದು ತಂತಿಯ ಗುಂಟ ನೀರು ಮೇಲಿನಿಂದ ಇಳಿದು ಬರುತ್ತಿದೆ, ಒಳಕ್ಕೆ ಗಾಳಿ ಬರುವ ಪೆಟ್ಟಿಗೆಯ ಕಡೆಯಿಂದ.

ಹೊರಗೆ ಬಂದು ಛತ್ರಿ ಹಿಡಿದು, ವೈಪರಿನ ಕೆಳಗಿರುವ ಜಾಲರಿಯ ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಬಿಚ್ಚಿದೆ. ಗಾಜಿನ ಮೇಲಿನ ಮಳೆನೀರು ಆ ಜಾಲರಿಗೆ ಇಳಿದು, ಅಡಿಯ ಕೊಳವೆಯೊಂದರಿಂದ ಚಕ್ರದ ಹತ್ತಿರ ಹೊರಗೆ ಹೋಗಬೇಕು. ಕೊಳವೆ ಕಟ್ಟಿತ್ತು. ಪೈಪು ಹಿಡಿದ ದಿನ ಸರಿಯಾಗಿ ಇದೇ ಜಾಗವನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ ರಕ್ಷಿಸಿದ್ದವನು ನಾನು. ಬೆರಳು ಹಾಕಿದೆ. ಮೆತ್ತಗಿನ ಕಪ್ಪು ಮುದ್ದೆ. ತುದಿಯನ್ನು ಎಳೆದರೆ ಬಂದದ್ದು ಒಂದು ಗುಲಾಬಿಯ ದಳ.

ನಮ್ಮಲ್ಲಿ ಶುಭದಿನಗಳಲ್ಲಿ ಬಾಗಿಲಿಗೆ ಹೂವಿನ ತೋರಣ, ಜನಕ್ಕೆ ಹಾರ. ನಾನು ಕಾರಿಗೂ ಹಾಕುತ್ತಿದ್ದೆ, ವೈಪರಿಗೆ ಸಿಕ್ಕಿಸಿ. ಹೊಸ ವರ್ಷಕ್ಕೆ, ಮನೆಯವರ ಹುಟ್ಟುಹಬ್ಬಕ್ಕೆ, ಮುಖ್ಯವಾಗಿ ಶಿರೀನಳ ಹುಟ್ಟುಹಬ್ಬಕ್ಕೆ. ಇಪ್ಪತ್ತೆರಡು ವರ್ಷದ ಗುಲಾಬಿಯೂ ಸುಗಂಧರಾಜವೂ ಆ ಜಾಲರಿಯಲ್ಲಿ ಉದುರಿ, ಕೊಳೆತು, ಕೊಳವೆಯ ಗಂಟಲಿಗೆ ಇಳಿದು ಕೂತಿದ್ದವು. ಅವಳನ್ನು ಕೆಡಿಸಿದ್ದು ನನ್ನ ಪ್ರೀತಿಯೇ. ಮಳೆಯಲ್ಲಿ ನಿಂತು ನನಗೆ ನಿಜವಾಗಿ ಅಳು ಬಂತು.

ಅತ್ತು ಮುಗಿಸಿ, ಆ ದಳವನ್ನು ಇದ್ದ ಜಾಗಕ್ಕೇ ತಿರುಗಿ ತುರುಕಿದೆ. ಬೆರಳಿನಿಂದ ಒತ್ತಿ ಗಟ್ಟಿ ಮಾಡಿದೆ. ಸ್ಕ್ರೂ ಬಿಗಿದು, ಒಳಗೆ ಹೋಗಿ ಮೈ ಒರೆಸಿಕೊಂಡೆ.

ಗುಟ್ಟು ಇಟ್ಟುಕೊಳ್ಳುವುದು ಸುಲಭವಾಗಿರಲಿಲ್ಲ. ಶುಕ್ರವಾರ ಖೋರ್ಶೇದಳ ತಂದೆಯ ಪುಣ್ಯತಿಥಿ, ಅಗಿಯಾರಿಗೆ ಹೋಗಲೇಬೇಕು, ಸುರಿಯುವ ಮಳೆಯಲ್ಲಿ ಒಂದು ಟ್ಯಾಕ್ಸಿಯೂ ಇಲ್ಲ. ಅವಳು ನನ್ನ ಗಂಬೂಟು ಹಾಕಿಕೊಂಡು, ಚಪ್ಪಲಿಯನ್ನು ಚೀಲದಲ್ಲಿ ಹಿಡಿದು, ಎಡ ಸೀಟಿನಲ್ಲಿ ಕೂತಳು. ಎರಡು ಅಳತೆ ದೊಡ್ಡ ಗಂಬೂಟಿನೊಳಕ್ಕೆ ಮೇಲಿನ ಹನಿಗಳು ನೇರವಾಗಿ ಬಿದ್ದವು. ದಾರಿಯುದ್ದಕ್ಕೂ ನನಗೆ ಬಾಯಿ ತುರಿಸುತ್ತಿತ್ತು. ಶನಿವಾರ ಅವಳಿಗೆ ಸೀನು ಹಿಡಿಯಿತು. ಶುಂಠಿ ಕಷಾಯ ಮಾಡಿಕೊಟ್ಟೆ, ಕಂಬಳಿಯನ್ನೂ ಹೊದಿಸಿದೆ. ಏನಾಯ್ತು ನಿನಗೆ ಎಂದು ಅವಳು ಅನುಮಾನದಿಂದ ನೋಡಿದಳು.

ಭಾನುವಾರ ಬಂದವನು ಬುರ್ಜೋರ್ ಸೇಠ್ನಾ. ಹಡಗಿನ ಎಂಜಿನಿಯರಾಗಿ ಮೂವತ್ತು ವರ್ಷ ಸಮುದ್ರದಲ್ಲಿದ್ದವನು. ಆರಡಿ ಎತ್ತರ, ಬಿಳಿ ಪ್ಯಾಂಟು, ಮಳೆಯಲ್ಲೂ ಒಂದು ಕಲೆಯಿಲ್ಲ. ಶಿರೀನಳ ಸುತ್ತ ಒಂದು ಸುತ್ತು ಬಂದು, ಇಷ್ಟು ಚೊಕ್ಕಟವಾದ ಕಾರನ್ನು ತಾನು ಕಂಡೇ ಇಲ್ಲವೆಂದ. ಇವನು ಒಳ್ಳೆಯ ಮನುಷ್ಯ ಎಂದುಕೊಂಡೆ. ತನ್ನ ಹೆಂಡತಿ ತೆಹಮೀನಾಳಿಗೆ ಮಂಡಿ ನೋವು, ಕಾಲು ತಣ್ಣಗಾಗುವಂತಿಲ್ಲ, ಸೋರಿಕೆ ಒಂದು ಇಲ್ಲದಿದ್ದರೆ ಈಗಲೇ ತಗೊಂಡು ಹೋಗುತ್ತಿದ್ದೆ ಎಂದ. ಬಹಳ ಬಹಳ ಒಳ್ಳೆಯ ಮನುಷ್ಯ ಎಂದುಕೊಂಡೆ.

ಅಷ್ಟಕ್ಕೆ ಹೋಗಿದ್ದರೆ ಆಗಿತ್ತು. ಅವನು ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿ, ಇದರಲ್ಲಿ ಹುಡುಕೋದೇನಿದೆ, ಗಾಜಿನ ಸುತ್ತಿನ ರಬ್ಬರು ಸತ್ತಿದೆ, ನೀರು ಅಲ್ಲಿಂದ ಬರ್ತಿದೆ ಎಂದ. ಖೋರ್ಶೇದ್ ಸೀನುತ್ತಲೇ ಹೊರಗೆ ಬಂದಳು. ಅವನಿಗೆ ರಾಸ್ಪ್‌ಬೆರಿ ಸೋಡಾ ಕೊಟ್ಟಳು. (ಅದು ನನಗೆ ಹುಟ್ಟುಹಬ್ಬಕ್ಕೆ ಮಾತ್ರ ಸಿಗುವುದು.) "ನೋಡು ಆಸ್ಪಿ, ನೀನು ಮೂರು ವಾರ ಒದ್ದಾಡಿದ್ದು. ಇವರು ಎರಡು ನಿಮಿಷಕ್ಕೆ ಹೇಳಿಬಿಟ್ರು," ಎಂದಳು.

ನಾನು ಹಲ್ಲು ಕಚ್ಚಿಕೊಂಡು, ಹೌದು, ರಬ್ಬರೇ ಇರಬೇಕು ಎಂದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಯಾವ ವಾಕ್ಯವನ್ನೂ ಆಡಿರಲಿಲ್ಲ.

ಬುರ್ಜೋರ್ ಸೋಡಾ ಮುಗಿಸಿದ. "ನೀವು ರೈಲ್ವೆ ವರ್ಕ್‌ಶಾಪಲ್ಲಿ ಇದ್ರಿ ಅಂತ ಕೇಳಿದೆ. ಯಾವ ವಿಭಾಗ?"

"ಸ್ಟೋರ್ಸ್," ಎಂದೆ.

"ಓ," ಎಂದ. "ಸ್ಟೋರ್ಸ್."

ಲೋಟ ಕೊಟ್ಟು, ಛತ್ರಿ ಬಿಚ್ಚಿ, ಹಳೆಯ ಗಾಜು ತೆಗೆಯಲು ಹೋದರೆ ಒಡೆಯುತ್ತದೆ, ಹಾಗಾಗಿ ಈ ಕಾರು ತನಗಾಗದು ಎಂದು ಗೇಟಿನ ಕಡೆ ಹೊರಟ. ಶಿರೀನ್ ಉಳಿದಳು. ಇನ್ನು ಹತ್ತು ಹೆಜ್ಜೆ, ಅವನು ಗೇಟು ದಾಟುತ್ತಾನೆ. ಆಗ ಅವನು ತಿರುಗಿ ನಿಂತು, ಬಹಳ ಮೃದುವಾಗಿ, ಖೋರ್ಶೇದಳಿಗೆ ಹೇಳಿದ: "ಅವರನ್ನ ಬೈಬೇಡಿ. ಸ್ಟೋರ್ಸಲ್ಲಿ ಇದ್ದವರಿಗೆ ಇದೆಲ್ಲ ತಿಳಿಯೋದು ಕಷ್ಟ."

ಮೂವತ್ತೈದು ವರ್ಷ ಆ ವರ್ಕ್‌ಶಾಪಿನ ಉಗ್ರಾಣದಲ್ಲಿ ಬಿಡಿಭಾಗ ಎಣಿಸುತ್ತ ಪ್ರತಿಯೊಬ್ಬ ಎಂಜಿನಿಯರನ ಬಾಯಿಂದ ನಾನು ಕೇಳಿದ್ದ ಮಾತು ಅದು.

"ಗಾಜಿನ ರಬ್ಬರು ಅಲ್ಲ," ಎಂದೆ.

ಮತ್ತೆ ನನ್ನನ್ನು ತಡೆಯಲು ನನ್ನಿಂದಲೇ ಆಗಲಿಲ್ಲ. ಸ್ಕ್ರೂಡ್ರೈವರ್ ತಂದೆ. ಜಾಲರಿ ಬಿಚ್ಚಿದೆ. ಎರಡು ಬೆರಳು ಹಾಕಿ, ಅಂಗೈ ತುಂಬುವಷ್ಟು ಕಪ್ಪು ಮುದ್ದೆಯನ್ನು ಎಳೆದು ಬಾನೆಟ್ಟಿನ ಮೇಲೆ ಇಟ್ಟೆ. ನೀರು ಎಲ್ಲಿಂದ ಇಳಿಯಬೇಕು, ಎಲ್ಲಿ ತುಂಬಿತು, ಯಾವ ತಂತಿಯ ಗುಂಟ ಯಾವ ಹಾದಿಯಲ್ಲಿ ಖೋರ್ಶೇದಳ ಪಾದ ತಲುಪಿತು ಎಂದು, ಕೋಲು ಹಿಡಿದ ಮೇಷ್ಟರಂತೆ ವಿವರಿಸಿದೆ. ಎರಡು ಬಕೆಟ್ ನೀರು ಗಾಜಿನ ಮೇಲೆ ಸುರಿದೆ. ಅದು ಚಕ್ರದ ಪಕ್ಕದಲ್ಲಿ ಧಾರೆಯಾಗಿ ನೆಲಕ್ಕೆ ಹೋಯಿತು. ಮೇಲಿನ ಕಿಟಕಿಯಿಂದ ಆಲಾಮಾಯ್ ಚಪ್ಪಾಳೆ ತಟ್ಟಿದಳು. ನಾನು ಬುರ್ಜೋರನ ಮುಖ ನೋಡಿದೆ. ಹಡಗಿನ ಎಂಜಿನಿಯರ್ ಸ್ಟೋರ್ಸ್ ಗುಮಾಸ್ತನ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಆಹಾ, ಆ ಅರ್ಧ ನಿಮಿಷ ನನ್ನ ಬದುಕಿನಲ್ಲೇ ಬಹಳ ಸೊಗಸಾದದ್ದು.

ಬುರ್ಜೋರ್ ಎಡಗಡೆ ನಿಂತಿದ್ದ ನೀರನ್ನು ಬಟ್ಟೆಯಿಂದ ಒರೆಸಿ, ಬೂಟು ಕಳಚಿ, ಕಾಲುಚೀಲದ ಪಾದವನ್ನು ಅಲ್ಲಿನ ನೆಲದ ಮೇಲಿಟ್ಟ. ಇನ್ನೊಂದು ಬಕೆಟ್ ಸುರಿಯಲು ಹೇಳಿದ. ಸುರಿದೆ. ಪಾದ ಎತ್ತಿ ಮುಟ್ಟಿ ನೋಡಿಕೊಂಡ. "ನನ್ನದು ತಪ್ಪು, ನೀವು ಹೇಳಿದ್ದೇ ಸರಿ. ಒಣಗಿದೆ," ಎಂದು ನನ್ನ ಕೈ ಹಿಡಿದು ಕುಲುಕಿದ. "ಕಾರು ನಾನು ತಗೊಂಡೆ."

ಕೈ ಬಿಡಿಸಿಕೊಳ್ಳಲು ನೋಡಿದೆ. ಎಂಜಿನಿಯರನ ಕೈ, ಬಿಡಲಿಲ್ಲ. ಸಹಾಯಕ್ಕಾಗಿ ಖೋರ್ಶೇದಳ ಕಡೆ ತಿರುಗಿ, ಈಗ ಒಣಗಿತಲ್ಲ, ಇನ್ನು ಮಾರೋದು ಯಾಕೆ ಎಂದು ಕಣ್ಣಿನಲ್ಲೇ ಬೇಡಿದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಜಾಲರಿಯ ಸ್ಕ್ರೂಗಳನ್ನು ಅಂಗೈಯಲ್ಲಿಟ್ಟು ತಿರುಗಿಸುತ್ತಿದ್ದಳು. ಅವುಗಳ ತಲೆಯ ಮೇಲಿನ ತುಕ್ಕಿಗೆ ಗೀರು ಬಿದ್ದಿತ್ತು, ಸಂದಿಯಲ್ಲಿ ಇವತ್ತು ನಾನು ಹಾಕದ ಎಣ್ಣೆಯೂ ಇತ್ತು.

"ಯಾವತ್ತು ಗೊತ್ತಾಯ್ತು?" ಎಂದಳು.

ನಮ್ಮವರು ಸುಳ್ಳು ಹೇಳುವುದಿಲ್ಲ. ಇದು ನಮ್ಮ ಸಮಾಜದ ದೊಡ್ಡ ತೊಂದರೆ. "ಗುರುವಾರ," ಎಂದೆ.

"ಶುಕ್ರವಾರ ನಾನು ನಿನ್ನ ಗಂಬೂಟು ಹಾಕ್ಕೊಂಡು ಅಪ್ಪನ ಪ್ರಾರ್ಥನೆಗೆ ಹೋಗಿದ್ದೆ," ಎಂದಳು. ಆಮೇಲೆ ಸೀನಿದಳು.

ಮೇಲೆ ಆಲಾಮಾಯ್ ಕಿಟಕಿ ಮುಚ್ಚಿಕೊಂಡಳು. ನಲವತ್ತು ವರ್ಷದಲ್ಲಿ ಅವಳು ಕಿಟಕಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಖೋರ್ಶೇದ್ ಬುರ್ಜೋರನ ಕಡೆ ತಿರುಗಿ, ನಗುನಗುತ್ತ, ಕಾರಿನ ಜೊತೆ ಎರಡು ಹೊದಿಕೆಯೂ ಸಾಮಾನಿನ ಪೆಟ್ಟಿಗೆಯೂ ಬರುತ್ತವೆ ಎಂದಳು. ಕೀಲಿಯನ್ನು ಅವಳೇ ಕೊಟ್ಟಳು, ಶುಭವಾಗಲೆಂದು ಕಾರಿಗೆ ಕುಂಕುಮವನ್ನೂ ಅವಳೇ ಹಚ್ಚಿದಳು. "ಮತ್ತೆ ಭಾನುವಾರ ಭಾನುವಾರ ತೊಳೆಯೋಕೆ ಇವರೂ ಬರ್ತಾರೆ. ಮನೆಯಲ್ಲಿ ಇವರಿಗೆ ಬೇರೆ ಕೆಲಸ ಇಲ್ಲ."

ಈಗ ಭಾನುವಾರ ನಾನು ಬಸ್ಸು ಹತ್ತಿ ಬುರ್ಜೋರನ ಕಾಲೊನಿಗೆ ಹೋಗುತ್ತೇನೆ. ಅವನು ಒಂದು ಬದಿ ತೊಳೆಯುತ್ತಾನೆ, ನಾನು ಇನ್ನೊಂದು ಬದಿ. ತೆಹಮೀನಾ ನನಗೂ ಧನ್‌ಸಾಕ್ ಬಡಿಸುತ್ತಾಳೆ. ಹೋದ ವಾರ ಅವನು ಬಾಗಿಲಿನ ಅಡಿಯಲ್ಲಿರುವ ಸಣ್ಣ ತೂತುಗಳಿಗೆಲ್ಲ ಮೇಣ ತುಂಬುತ್ತಿದ್ದ, ಕೆಳಗಿನಿಂದ ನೀರು ಬರಬಾರದೆಂದು. ಅವು ನೀರು ಹೊರಗೆ ಹೋಗಲೆಂದೇ ಇರುವ ತೂತುಗಳು. ಬಾಯಿ ತೆರೆದೆ. ಮುಂದಿನ ಮಳೆಗೆ ಬಾಗಿಲಿನೊಳಗೆ ನೀರು ತುಂಬುತ್ತದೆ, ತೆಹಮೀನಾಳ ಕಾಲಿಗೆ ಬರುತ್ತದೆ, ಅವಳು ಗಂಡನ ಕೈಗೆ ಹಾಳೆ, ಪೆನ್ನು ಕೊಡುತ್ತಾಳೆ ಎಂದು ಲೆಕ್ಕ ಹಾಕಿದೆ. ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಭಾನುವಾರದ ಪತ್ರಿಕೆಯನ್ನು ಈಗ ಖೋರ್ಶೇದಳಿಗಿಂತ ಮೊದಲು ನಾನೇ ಎತ್ತಿಕೊಳ್ಳುತ್ತೇನೆ.